ಹುಳ, ಮಂಡಲ, ಬುಂಗಾರಸ್: ಎಡೆದೊರೆ ಸೀಮೆಯಲ್ಲಿ ಹಾವು ಗುರುತಿಸಿದ ಕಥೆ

ನಮ್ಮ ಮಟಮಾರಿ ಕಡೆ ಹೊತ್ತು ಮುಳುಗಿದ ಮೇಲೆ ಹಾವಿಗೆ ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಕಚ್ಚಿತು ಎಂದೂ ಹೇಳುವುದಿಲ್ಲ, ‘ಹುಳ ಮುಟ್ಟೈತಿ’ ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಎಂಬ ಅಂಜಿಕೆ ಅದರಲ್ಲಿದೆ. ದೇವರ ಹೆಸರನ್ನು ಕತ್ತಲಲ್ಲಿ ಹಗುರಾಗಿ ಎತ್ತಬಾರದು ಎಂಬ ಭಕ್ತಿಯೂ ಇದೆ. ಸಣ್ಣವನಿದ್ದಾಗ ನನಗೆ ಈ ಮಾತಿನ ಮರ್ಯಾದೆ ಬಹಳ ಹಿಡಿಸುತ್ತಿತ್ತು. ಆದರೆ ಈ ಒಂದು ಪದದೊಳಗೆ ನಾಗರ, ಕೇರೆ, ಕಟ್ಟುಹಾವು, ಮಣ್ಣುಮುಕ್ಕ ಎಲ್ಲವೂ ಅಡಗಿ ಕೂತಿರುತ್ತವೆ. ಯಾವ ಹುಳ ಎಂದು ಕೇಳಿದರೆ ‘ಕರೇದು, ಉದ್ದಕ್ಕಿತ್ತು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಅಪರೂಪ. ಕತ್ತಲಲ್ಲಿ ಎಲ್ಲ ಹಾವೂ ಕರಿದೇ, ಅಂಜಿದವರ ಕಣ್ಣಿಗೆ ಎಲ್ಲ ಹಾವೂ ಉದ್ದವೇ.

ಒಂದು ಹಾವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವ ವಿದ್ಯೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಎರಡು ಸಾವಿರ ವರ್ಷದ ಹಿಂದಿನಿಂದಲೂ ಆ ಕೆಲಸ ನಡೆದಿದೆ. ವೈದ್ಯರು ಮಾಡಿದ್ದಾರೆ, ಕಂಪನಿ ಸರ್ಕಾರದ ಸರ್ಜನ್ನರು ಮಾಡಿದ್ದಾರೆ, ಪ್ರಯೋಗಾಲಯದವರು ಮಾಡಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಉದ್ದೇಶವಿತ್ತು. ಆ ಉದ್ದೇಶಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಹಾವನ್ನು ಗುರುತಿಸುವ ವಿದ್ಯೆ ಬಹುಕಾಲ ಕಚ್ಚಿಸಿಕೊಂಡವರ ಮೈ ನೋಡಿಯೋ, ಸತ್ತ ಹಾವನ್ನು ಕೈಯಲ್ಲಿ ಹಿಡಿದೋ ಬೆಳೆಯಿತು. ಬದುಕಿರುವ ಹಾವನ್ನು ದೂರದಿಂದ, ಬರಿಗಾಲಲ್ಲಿ ನಿಂತು ನೋಡಬೇಕಾದವರ ಪಾಲಿಗೆ ಅದು ಬಂದದ್ದು ತೀರ ಈಚೆಗೆ, ಅದೂ ಅರ್ಧಂಬರ್ಧವಾಗಿ.

ಮೊದಲು ನಮ್ಮ ನೆಲದ ಮಾತು. ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲುದಾರಿಯಲ್ಲಿ ಮಟಮಾರಿ ಒಂದು ಸಣ್ಣ ನಿಲ್ದಾಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು, ಆಮೇಲಿನವರು ದೋಆಬ್ ಎಂದರು. ಎರೆಹೊಲ, ಮಸಾರಿ ಹೊಲ, ನಡುನಡುವೆ ಬಂಡೆ ಪೇರಿಸಿಟ್ಟಂಥ ಗುಡ್ಡ, ಜಾಲಿಯ ಪೊದೆ. ದೇವದುರ್ಗದ ಕಡೆ ಕಲ್ಲುನೆಲ ಹೆಚ್ಚು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗದ್ದೆ ಹೆಚ್ಚು. ಆಂಧ್ರ, ತೆಲಂಗಾಣ ಎರಡೂ ಹತ್ತಿರವಾದ್ದರಿಂದ ಇಲ್ಲಿನ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಓಡಾಡುತ್ತವೆ. ಹಾವಿಗೂ ಎರಡು ಹೆಸರು. ನಾವು ಕಟ್ಟುಹಾವು ಎಂದರೆ ಅವರು ಕಟ್ಲಪಾಮು. ನಾವು ಕೇರೆ ಎಂದರೆ ಅವರು ಜೆರ್ರಿಪೋತು. ನಾವು ಕೊಳಕುಮಂಡಲ ಎಂದರೆ ಅವರು ರಕ್ತಪಿಂಜರಿ. ಈ ಕೊನೆಯ ಜೋಡಿಯನ್ನು ಗಮನಿಸಿ. ‘ಕೊಳಕು’ ಎಂಬುದು ಕಚ್ಚಿದ ಜಾಗ ಊದಿ ಕೊಳೆಯುವುದನ್ನು ನೆನಪಿಸುತ್ತದೆ, ‘ರಕ್ತ’ ಎಂಬುದು ಒಸಡು, ಮೂತ್ರ, ಗಾಯ ಎಲ್ಲೆಂದರಲ್ಲಿ ನಿಲ್ಲದೆ ಸೋರುವ ರಕ್ತವನ್ನು. ಎರಡು ಭಾಷೆಯ ಜನ ಒಂದೇ ಹಾವಿನ ವಿಷ ಮಾಡುವ ಎರಡು ಕೆಲಸಗಳನ್ನು ಹಂಚಿಕೊಂಡು ಹೆಸರಿಟ್ಟಂತಿದೆ.

‘ಮಂಡಲ’ ಎಂಬ ಪದದ ಹಿಂದೆ ಇನ್ನೂ ಹಳೆಯ ಕಥೆಯಿದೆ. ಸುಶ್ರುತ ಸಂಹಿತೆಯ ಕಲ್ಪಸ್ಥಾನ ಪೂರ್ತಿ ವಿಷಕ್ಕೆ ಮೀಸಲಾದ ಭಾಗ. ಅಲ್ಲಿ ನೆಲದ ಹಾವುಗಳನ್ನು ಐದು ಗುಂಪು ಮಾಡಿ ಒಟ್ಟು 80 ಬಗೆ ಎಂದು ಎಣಿಸಿದ್ದಾರೆ: ದರ್ವೀಕರ 26, ಮಂಡಲಿ 22, ರಾಜಿಮಂತ 10, ನಿರ್ವಿಷ 12, ಉಳಿದ ಹತ್ತು ವೈಕರಂಜ ಮತ್ತು ಅವುಗಳ ಸಂತಾನ. ದರ್ವಿ ಎಂದರೆ ಸೌಟು. ಸೌಟಿನಂತೆ ಹೆಡೆ ಅಗಲಿಸುವವು ದರ್ವೀಕರ, ಅಂದರೆ ನಾಗರದ ಜಾತಿ. ಮೈಮೇಲೆ ದುಂಡು ಮಚ್ಚೆ ಇರುವವು ಮಂಡಲಿ. ಗೆರೆ ಪಟ್ಟೆ ಇರುವವು ರಾಜಿಮಂತ. ಇಂದು ನಮ್ಮ ಸೀಮೆಯಲ್ಲಿ ಜೀವಕ್ಕೆ ಅಪಾಯ ತರುವ ನಾಲ್ಕು ಹಾವುಗಳನ್ನು ಈ ಗೂಡುಗಳಲ್ಲಿ ಇಟ್ಟುನೋಡಿದರೆ ಬಹುಮಟ್ಟಿಗೆ ಸರಿಯಾಗಿ ಕೂಡುತ್ತವೆ. ನಾಗರ ದರ್ವೀಕರ. ಕೊಳಕುಮಂಡಲ ಮತ್ತು ಉರಿಮಂಡಲ ಹೆಸರಿನಲ್ಲೇ ಮಂಡಲಿಗಳು. ಕಟ್ಟುಹಾವು ರಾಜಿಮಂತ. ಸಂಸ್ಕೃತದ ವೈದ್ಯಗ್ರಂಥದ ಒಂದು ವರ್ಗೀಕರಣ ನಮ್ಮ ಹೊಲದ ಮಾತಿನಲ್ಲಿ ಇಂದಿಗೂ ಜೀವ ಹಿಡಿದುಕೊಂಡಿದೆ.

ಇದಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಸುಶ್ರುತ ಹೇಳುವ ಹೊತ್ತಿನ ಲೆಕ್ಕ. ರಾಜಿಮಂತಗಳು ರಾತ್ರಿಯ ಕೊನೆಯ ಜಾವದಲ್ಲಿ ತಿರುಗಾಡುತ್ತವೆ, ಮಂಡಲಿಗಳು ರಾತ್ರಿಯ ಉಳಿದ ಜಾವಗಳಲ್ಲಿ, ದರ್ವೀಕರಗಳು ಹಗಲಲ್ಲಿ ಎನ್ನುತ್ತಾನೆ. ಕಟ್ಟುಹಾವಿನ ಕಡಿತಗಳು ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ, ನೆಲದ ಮೇಲೆ ಮಲಗಿದವರಿಗೆ ಹೆಚ್ಚು ಆಗುತ್ತವೆ ಎಂಬುದು ಇಂದಿನ ವೈದ್ಯರೂ ಹೇಳುವ ಮಾತು. ನಾಗರ ಸಂಜೆಗತ್ತಲಲ್ಲೂ ಓಡಾಡುತ್ತದೆ ನಿಜ, ಆದರೂ ಹಗಲು ಹೊಲದಲ್ಲಿ ಎದುರಾಗುವ ದೊಡ್ಡ ವಿಷದ ಹಾವು ಅದೇ. ಅಂದರೆ ಆ ಕಾಲದ ಯಾರೋ ವೈದ್ಯರು ಹಾವಿನ ಬಣ್ಣ ನೋಡಿದ್ದಲ್ಲದೆ, ಯಾವ ಹೊತ್ತಿನಲ್ಲಿ ಎಂಥ ರೋಗಿ ಬರುತ್ತಾನೆ ಎಂಬುದನ್ನೂ ತಾಳ್ಮೆಯಿಂದ ನೆನಪಿಟ್ಟುಕೊಂಡಿದ್ದರು. ಇದು ಕಚ್ಚಿಸಿಕೊಂಡವನಿಂದ ಹಿಂದಕ್ಕೆ ನಡೆದು ಹಾವನ್ನು ಮುಟ್ಟುವ ದಾರಿ.

ಅದೇ ಗ್ರಂಥದ ಐದನೆಯ ಗುಂಪು ವೈಕರಂಜ, ಬೇರೆ ಬೇರೆ ಜಾತಿ ಕೂಡಿ ಹುಟ್ಟಿದವು. ನಮ್ಮೂರಲ್ಲಿ ಇಂದಿಗೂ ಯಾರನ್ನೇ ಕೇಳಿ, ಕೇರೆಯೂ ನಾಗರವೂ ಕೂಡುತ್ತವೆ, ಕೇರೆ ಗಂಡು, ನಾಗರ ಹೆಣ್ಣು ಎನ್ನುತ್ತಾರೆ. ಎರಡು ಹಾವು ಹೆಣೆದುಕೊಂಡು ಎದ್ದುನಿಂತದ್ದನ್ನು ಕಣ್ಣಾರೆ ಕಂಡವರೂ ಇದ್ದಾರೆ. ಅವರು ಕಂಡದ್ದು ಸುಳ್ಳಲ್ಲ. ಸಾಮಾನ್ಯವಾಗಿ ಅದು ಎರಡು ಗಂಡು ಕೇರೆಗಳ ಬಲಪರೀಕ್ಷೆ. ಕೇರೆಯೂ ನಾಗರವೂ ಬೇರೆ ಬೇರೆ ಕುಟುಂಬಕ್ಕೆ ಸೇರಿದವು, ಕೂಡುವುದಿಲ್ಲ. ಸರಿಯಾದ ನೋಟವೂ ತಪ್ಪು ತೀರ್ಮಾನವೂ ಒಂದೇ ಪುಸ್ತಕದಲ್ಲಿ, ಒಂದೇ ಊರಿನ ಮಾತಿನಲ್ಲಿ ಜೊತೆಜೊತೆಯಾಗಿ ಬಂದಿವೆ. ಎರಡನ್ನೂ ಒಟ್ಟಿಗೆ ಹೊಗಳುವುದಾಗಲಿ ಒಟ್ಟಿಗೆ ತಿಪ್ಪೆಗೆ ಎಸೆಯುವುದಾಗಲಿ ಸುಲಭ. ಬೇರ್ಪಡಿಸುವುದೇ ಕಷ್ಟದ ಕೆಲಸ.

ಕನ್ನಡದಲ್ಲೂ ಈ ವೈದ್ಯದ ಪರಂಪರೆ ಇತ್ತು. 14ನೇ ಶತಮಾನದಲ್ಲಿ, ವಿಜಯನಗರದ ಮೊದಲ ದಿನಗಳಲ್ಲಿ, ಒಂದನೆಯ ಮಂಗರಾಜನೆಂಬ ಜೈನ ಕವಿ ‘ಖಗೇಂದ್ರಮಣಿದರ್ಪಣ’ ಬರೆದ. ಅದು ವಿಷವೈದ್ಯವನ್ನೇ ವಸ್ತುವಾಗಿ ಹಿಡಿದ ಗ್ರಂಥ. ಖಗೇಂದ್ರ ಎಂದರೆ ಗರುಡ, ಹಾವುಗಳ ಹಗೆ. ಹೆಸರಿನಲ್ಲೇ ಉದ್ದೇಶ ಗೊತ್ತಾಗುತ್ತದೆ. ಸಂಸ್ಕೃತ ಬಾರದವನ ಕೈಗೂ ಈ ವಿದ್ಯೆ ಸಿಗಲಿ ಎಂಬಂತೆ ಅದನ್ನು ಕನ್ನಡದಲ್ಲಿ ತಂದದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ಕಡೆ ಹಾವು ದೇವರೂ ಆಯಿತು, ಮನೆತನದ ಮೂಲಪುರುಷನೂ ಆಯಿತು. ಹಿಂದೆ ರಾಯಚೂರು ಜಿಲ್ಲೆಯಲ್ಲೇ ಇದ್ದು 1997ರಲ್ಲಿ ಕೊಪ್ಪಳಕ್ಕೆ ಸೇರಿದ ಯಲಬುರ್ಗಾ, ಅಂದರೆ ಎರಂಬರಗೆಯ ಸಿಂದ ಅರಸರು ತಮ್ಮನ್ನು ನಾಗವಂಶದವರೆಂದು ಶಾಸನಗಳಲ್ಲಿ ಹೇಳಿಕೊಂಡರು. ಊರೂರ ಬೇವಿನ ಗಿಡ, ಅರಳಿಕಟ್ಟೆಯ ಕೆಳಗೆ ನಾಗರಕಲ್ಲುಗಳು ನಿಂತವು. ಪಂಚಮಿ ಬಂದರೆ ಜೋಕಾಲಿ, ಅಳ್ಳು, ಉಂಡಿ, ತವರಿಗೆ ಬಂದ ಹೆಣ್ಣುಮಕ್ಕಳು, ಕಲ್ಲಿಗೆ ಹಾಲು. ಅದೇ ನಾಗಪ್ಪ ಜೀವಂತವಾಗಿ ಹಿತ್ತಲಿಗೆ ಬಂದರೆ ಬಡಿಗೆ. ಈ ಇಬ್ಬಂದಿತನವನ್ನು 12ನೇ ಶತಮಾನದಲ್ಲೇ ಬಸವಣ್ಣ ಎತ್ತಿ ತೋರಿಸಿದ್ದ. ಗುರುತಿಸುವ ದೃಷ್ಟಿಯಿಂದ ನೋಡಿದರೆ ಇಲ್ಲಿ ಇನ್ನೊಂದು ವಿಷಯವೂ ಇದೆ: ಪೂಜೆ ಸಲ್ಲುವುದು ಹೆಡೆಯಿರುವ ಒಂದೇ ಹಾವಿಗೆ. ಕಲ್ಲಿನಲ್ಲಿ ಕೆತ್ತಿದ್ದೂ ಅದನ್ನೇ. ಹಾಗಾಗಿ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ವಿಷದ ಹಾವು ನಾಗರವೊಂದೇ. ಯಾರ ಕಲ್ಲೂ ಇಲ್ಲದ, ಯಾರ ಹಬ್ಬವೂ ಇಲ್ಲದ ಕಟ್ಟುಹಾವು, ಉರಿಮಂಡಲ ‘ಹುಳ’ಗಳಾಗಿಯೇ ಉಳಿದವು.

18ನೇ ಶತಮಾನದ ಕೊನೆಗೆ ಹಾವನ್ನು ನೋಡುವ ಬೇರೊಂದು ಕಣ್ಣು ಬಂತು. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ ಅದಕ್ಕೂ ಮುಂಚೆ ಸಿರಿಯಾದ ಅಲೆಪ್ಪೊದಲ್ಲಿ ಪ್ಲೇಗಿನ ರೋಗಿಗಳನ್ನು ನೋಡಿಕೊಂಡವನು. 1785ರಲ್ಲಿ ಅವನು ಮದರಾಸು ಸೀಮೆಗೆ ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗ ವಿಜ್ಞಾನಿಯಾದ. ವಿಶಾಖಪಟ್ಟಣದಲ್ಲಿದ್ದುಕೊಂಡು ಕೋರಮಂಡಲ ತೀರದ ಹಾವುಗಳನ್ನು ಕಲೆಹಾಕಿದ. ಅವನ ಮುಂದಿದ್ದ ಪ್ರಶ್ನೆ ಸರಳ: ಯಾವ ಹಾವಿಗೆ ವಿಷವಿದೆ, ಯಾವುದಕ್ಕಿಲ್ಲ? ಅದಕ್ಕೆ ಹಾವಿನ ಬಾಯಿ ಬಿಡಿಸಿ ಹಲ್ಲು ನೋಡಿದ. ಕೋಳಿ, ನಾಯಿಗಳಿಗೆ ಕಚ್ಚಿಸಿ ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದಿಟ್ಟ. ಆಗ ಹೆಸರು ಮಾಡಿದ್ದ ತಂಜಾವೂರು ಗುಳಿಗೆಯನ್ನೂ ಪರೀಕ್ಷೆಗೆ ಒಡ್ಡಿದ. 1796ರಲ್ಲಿ ಬಣ್ಣದ ಚಿತ್ರಗಳೊಂದಿಗೆ ಅವನ ದೊಡ್ಡ ಪುಸ್ತಕ ಅಚ್ಚಾಯಿತು. ಅವನ ಕೈಗೆ ಬಂದ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು, ಜೀವ ತೆಗೆಯುವವು ಬೆರಳೆಣಿಕೆಯವು ಎಂಬುದು ಆ ಪುಸ್ತಕದ ಮುಖ್ಯ ಪಾಠ.

ನನಗೆ ರಸೆಲ್‌ನ ಬಗ್ಗೆ ಪ್ರೀತಿ ಹುಟ್ಟಿಸುವುದು ಅವನ ಚಿತ್ರಗಳಿಗಿಂತ ಅವನು ಹೆಸರುಗಳನ್ನು ನಡೆಸಿಕೊಂಡ ರೀತಿ. ಹಿಡಿದು ತಂದವರು ಏನೆಂದು ಕರೆದರೋ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ. ಇಂದು ಅವನ ಹೆಸರಿನಲ್ಲೇ ಕರೆಯುವ ‘ರಸೆಲ್ಸ್ ವೈಪರ್’, ಅಂದರೆ ನಮ್ಮ ಕೊಳಕುಮಂಡಲ, ಅವನ ಪುಸ್ತಕದಲ್ಲಿ ‘ಕಾಟುಕ ರೇಕುಲ ಪೊಡ’ ಎಂಬ ತೆಲುಗು ಹೆಸರಿನಲ್ಲಿ ಇದೆ. ಪುಸ್ತಕ ಬಂದ ಮರುವರ್ಷ, 1797ರಲ್ಲಿ, ಇಂಗ್ಲೆಂಡಿನ ವಿದ್ವಾಂಸರು ಅದಕ್ಕೆ ರಸೆಲ್‌ನ ಹೆಸರನ್ನು ಲ್ಯಾಟಿನ್‌ನಲ್ಲಿ ಇಟ್ಟರು. ಹಾವು ಹಿಡಿದು ತಂದವರ ಹೆಸರು ಯಾವ ಪುಸ್ತಕದಲ್ಲೂ ಉಳಿಯಲಿಲ್ಲ. ಆದರೂ ಅವರ ಮಾತು ಪೂರ್ತಿ ಅಳಿಯಲಿಲ್ಲ. ಚಿನ್ನದಂಥ ಹಳದಿ ಪಟ್ಟೆಯ ಹಾವಿಗೆ ಅವರು ಹೇಳಿದ್ದ ‘ಬಂಗಾರು ಪಾಮು’ ಎಂಬುದರಿಂದಲೇ ‘ಬುಂಗಾರಸ್’ ಎಂಬ ಶಾಸ್ತ್ರೀಯ ಹೆಸರು ಹುಟ್ಟಿತು. ನಮ್ಮ ಕಟ್ಟುಹಾವು ಇಂದು ಜಗತ್ತಿನ ಎಲ್ಲ ಪುಸ್ತಕಗಳಲ್ಲೂ ಬುಂಗಾರಸ್ ಸಿರುಲಿಯಸ್. ನಾಗರದ ‘ನಾಜ’ ಎಂಬುದು ನಾಗ ಎಂಬ ಪದವೇ. ಕೊಳಕುಮಂಡಲದ ‘ಡಬೋಯಾ’ ಹಿಂದಿಯಿಂದ ಬಂದದ್ದು, ಅಡಗಿ ಕೂರುವುದು ಎಂಬ ಅರ್ಥ. ಹೊಲದವರ ಬಾಯಿಂದ ಹೊರಟ ಮಾತು ಲ್ಯಾಟಿನ್ ವೇಷ ಹಾಕಿ, ಹೊಲದವರಿಗೇ ಗುರುತು ಸಿಗದಂತೆ ಮರಳಿ ಬಂತು.

ಮುಂದಿನ ಶತಮಾನದಲ್ಲಿ ಲೆಕ್ಕ ಶುರುವಾಯಿತು. ಕಲ್ಕತ್ತೆಯಲ್ಲಿದ್ದ ಸರ್ಜನ್ ಜೋಸೆಫ್ ಫೇರರ್ 1869ನೇ ಸಾಲಿನ ಅಂಕಿ ತರಿಸಿ, ಬಂಗಾಳ ಮತ್ತು ಉತ್ತರದ ಪ್ರಾಂತ್ಯಗಳಲ್ಲಿ ಆ ಒಂದೇ ವರ್ಷ 11,416 ಜನ ಹಾವು ಕಚ್ಚಿ ಸತ್ತರೆಂದು ಲೆಕ್ಕ ಕೊಟ್ಟ. ನಿಜಾಮರ ಆಳ್ವಿಕೆಯ ರಾಯಚೂರಿನ ಸಾವುಗಳು ಆ ಪಟ್ಟಿಯಲ್ಲಿ ಇಲ್ಲ. 1872ರಲ್ಲಿ ಬಂದ ಅವನ ವಿಷಸರ್ಪಗಳ ಪುಸ್ತಕ ತೋಳಗಲದ ದೊಡ್ಡ ಹೊತ್ತಗೆ; ಕಲ್ಕತ್ತೆಯ ಕಲಾಶಾಲೆಯ ವಿದ್ಯಾರ್ಥಿಗಳು ಹಾವುಗಳನ್ನು ಮುಂದಿಟ್ಟುಕೊಂಡು ಬರೆದ ಚಿತ್ರಗಳು ಅದರಲ್ಲಿವೆ. ಸರ್ಕಾರ ಸತ್ತ ಹಾವಿಗೆ ಇನಾಮು ಕೊಡಲು ತೊಡಗಿತು. ಇನಾಮು ಎಂದ ಮೇಲೆ ಗುರುತಿಸುವ ಪ್ರಶ್ನೆ ಕಚೇರಿಯ ಮೇಜಿಗೇ ಬಂತು. ತಂದದ್ದು ನಾಗರವೋ ಕೇರೆಯೋ? ತಲೆ ಜಜ್ಜಿಹೋದ ಹಾವಿಗೆ ಯಾರು ಗುರುತು ಹೇಳಬೇಕು?

ಇದಕ್ಕೆ ತೀರ ಅಚ್ಚುಕಟ್ಟಾದ ಉತ್ತರ ಕೊಟ್ಟವನು ಸೇನಾವೈದ್ಯ ಫ್ರಾಂಕ್ ವಾಲ್. ವಿಷದ ಹಾವುಗಳನ್ನು ಗುರುತಿಸುವ ಅವನ ಕೈಪಿಡಿಯನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 20ನೇ ಶತಮಾನದ ಮೊದಲ ದಶಕದಲ್ಲಿ ಹೊರತಂದಿತು. 1928ರ ಹೊತ್ತಿಗೆ ಅದು ನಾಲ್ಕನೆಯ ಮುದ್ರಣ ಕಂಡಿತ್ತು. ಬಣ್ಣವನ್ನು ನಂಬಬೇಡಿ, ಹುರುಪೆ ಎಣಿಸಿ ಎಂಬುದು ಅವನ ಸೂತ್ರ. ಮೇಲ್ದುಟಿಯ ಮೂರನೆಯ ಹುರುಪೆ ಒಂದು ಕಡೆ ಕಣ್ಣನ್ನೂ ಇನ್ನೊಂದು ಕಡೆ ಮೂಗಿನ ಹುರುಪೆಯನ್ನೂ ತಾಗಿದ್ದರೆ ಅದು ನಾಗರದ ಬಳಗ. ಬೆನ್ನಿನ ನಡುಸಾಲಿನ ಹುರುಪೆಗಳು ಪಕ್ಕದವಕ್ಕಿಂತ ದೊಡ್ಡವಾಗಿ ಆರು ಮೂಲೆಯಾಗಿದ್ದು, ಕೆಳದುಟಿಯ ನಾಲ್ಕನೆಯ ಹುರುಪೆ ಎಲ್ಲಕ್ಕಿಂತ ದೊಡ್ಡದಿದ್ದರೆ ಕಟ್ಟುಹಾವು. ತಲೆಯ ಮೇಲೆ ಸಣ್ಣ ಸಣ್ಣ ಹುರುಪೆ, ಹೊಟ್ಟೆಯಡಿ ಅಗಲಕ್ಕೆ ಪೂರ್ತಿ ಹರಡಿದ ಪಟ್ಟಿ ಇದ್ದರೆ ಮಂಡಲ. ಕಚ್ಚಿದವರ ಜೊತೆ ಸತ್ತ ಹಾವನ್ನೂ ತಂದರೆ ಯಾವ ಸಣ್ಣ ಊರಿನ ಡಾಕ್ಟರಾದರೂ ಪುಸ್ತಕ ತೆರೆದು ನಿರ್ಧರಿಸಬಹುದಿತ್ತು. ತಲೆಮಾರುಗಟ್ಟಲೆ ವೈದ್ಯ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿದರು. ನಿಖರತೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಒಂದೇ ತೊಡಕು: ದುಟಿಯ ಹುರುಪೆ ಎಣಿಸಬೇಕಾದರೆ ಹಾವು ಸತ್ತಿರಬೇಕು.

ಹಾವು ಸಾಯಲೇಬೇಕೆಂಬ ಹಟಕ್ಕೆ ಆಗ ಒಂದು ಬಲವಾದ ಕಾರಣವೂ ಇತ್ತು. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರದ ವಿಷಕ್ಕೆ ಪ್ರತಿವಿಷ ಸಿದ್ಧಪಡಿಸಿದಾಗ ಎಲ್ಲ ಹಾವಿಗೂ ಮದ್ದು ಸಿಕ್ಕಿತೆಂದು ಜನ ನಂಬಿದ್ದರು. ಭಾರತದಲ್ಲಿ ಜಾರ್ಜ್ ಲ್ಯಾಂಬ್ ಮುಂತಾದವರು ಪರೀಕ್ಷಿಸಿ ನೋಡಿದರೆ, ನಾಗರದ ಮದ್ದು ಕೊಳಕುಮಂಡಲದ ವಿಷಕ್ಕೆ ನಾಟಲೇ ಇಲ್ಲ. ಒಂದು ವಿಷ ನರವನ್ನು ಹಿಡಿಯುತ್ತದೆ, ಇನ್ನೊಂದು ರಕ್ತವನ್ನು. ಬೀಗ ಬೇರೆ, ಕೀಲಿ ಬೇರೆ. ಆದ್ದರಿಂದ ಕಚ್ಚಿದ್ದು ಯಾವುದೆಂದು ತಿಳಿಯದೆ ಮದ್ದು ಕೊಡುವಂತಿರಲಿಲ್ಲ. ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ ನಾಗರ ಮತ್ತು ಕೊಳಕುಮಂಡಲ ಎರಡಕ್ಕೂ ಆಗುವ ಸೀರಂ ತಯಾರಿಸಿತು. ಶತಮಾನದ ನಡುಭಾಗಕ್ಕೆ ಮುಂಬಯಿಯ ಹಾಫ್ಕಿನ್ ಸಂಸ್ಥೆ ನಾಲ್ಕೂ ಹಾವಿನ ವಿಷಕ್ಕೆ ಒಟ್ಟಾಗಿ ಕೆಲಸ ಮಾಡುವ ಪ್ರತಿವಿಷದವರೆಗೆ ಬಂದು ಮುಟ್ಟಿತು. ಇಂದು ತಾಲೂಕು ಆಸ್ಪತ್ರೆಗಳಲ್ಲಿ ‘ಎಎಸ್‌ವಿ’ ಎಂದು ಕರೆಯುವ ಚುಚ್ಚುಮದ್ದು ಇದೇ.

ಇಲ್ಲಿ ಇತಿಹಾಸದ ದಿಕ್ಕು ಬದಲಾಯಿತು, ಆದರೆ ಊರಿನ ರೂಢಿ ಬದಲಾಗಲಿಲ್ಲ. ನಾಲ್ಕಕ್ಕೂ ಒಂದೇ ಮದ್ದು ಇರುವಾಗ ಡಾಕ್ಟರಿಗೆ ಹಾವು ಬೇಕಿಲ್ಲ. ಸ್ವಚ್ಛವಾದ ಗಾಜಿನ ಕೊಳವೆಯಲ್ಲಿ ರೋಗಿಯ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದು ಅರ್ಥ. ರೆಪ್ಪೆ ಜೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ನಾಗರವೋ ಕಟ್ಟುಹಾವೋ ಇರಬೇಕು. ಸುಶ್ರುತನ ಹಾಗೆ ಮತ್ತೆ ರೋಗಿಯ ಮೈಯನ್ನೇ ಓದುವುದು. ಆದರೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳಿಗೆ ಹತ್ತಿ ಬಿಡಿಸುವಾಗ ಕಾಲಿಗೆ ಕಡಿದಾಗ ನಾನು ಕಂಡದ್ದೇ ಬೇರೆ. ಅಣ್ಣತಮ್ಮಂದಿರು ಮೊದಲು ಮಾಡಿದ್ದು ಹಾವು ಹುಡುಕುವ ಕೆಲಸ. ಸಾಲು ಸಾಲು ಗಿಡ ಸರಿಸಿ, ಕೊನೆಗೆ ಸಿಕ್ಕಿದ್ದನ್ನು ಹೊಡೆದು, ಗೊಬ್ಬರದ ಚೀಲದಲ್ಲಿ ಕಟ್ಟಿಕೊಂಡು ಹೊರಡುವಾಗ ಮುಕ್ಕಾಲು ತಾಸು ಕಳೆದಿತ್ತು. ‘ತೋರ್ಸದಿದ್ರ ಡಾಕ್ಟ್ರು ಮುಟ್ಟಂಗಿಲ್ಲಪಾ’ ಎಂದು ಅವರ ಚಿಕ್ಕಪ್ಪ ಹೇಳುತ್ತಿದ್ದರು. ಒಂದು ಕಾಲದಲ್ಲಿ ಅದು ನಿಜವಾಗಿತ್ತು. ಆಕೆ ಉಳಿದಳು, ಕಾಲಿನ ಗಾಯ ಮಾಯಲು ತಿಂಗಳುಗಳೇ ಹಿಡಿದವು. ಚೀಲವನ್ನು ಆಸ್ಪತ್ರೆಯಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ.

ಹಾಗಾದರೆ ಗುರುತಿಸುವುದೇ ಬೇಡವೇ? ಬೇಕು, ಆದರೆ ಕಚ್ಚುವ ಮುಂಚೆ. 1978ರಲ್ಲಿ ರೊಮುಲಸ್ ವಿಟೇಕರ್ ಭಾರತದ ಸಾಮಾನ್ಯ ಹಾವುಗಳ ಬಗ್ಗೆ ಬರೆದ ಸಣ್ಣ ಪುಸ್ತಕ, 2004ರಲ್ಲಿ ಅಶೋಕ್ ಕ್ಯಾಪ್ಟನ್ ಜೊತೆಗೂಡಿ ತಂದ ದೊಡ್ಡ ಕೈಪಿಡಿ, ಇವು ನೋಟವನ್ನು ಸತ್ತ ಹಾವಿನಿಂದ ಬದುಕಿದ ಹಾವಿನ ಕಡೆಗೆ ತಿರುಗಿಸಿದವು. ಎಲ್ಲಿ ಇರುತ್ತದೆ, ಹೇಗೆ ಹರಿಯುತ್ತದೆ, ಬೆದರಿದರೆ ಏನು ಮಾಡುತ್ತದೆ, ಯಾವುದರೊಂದಿಗೆ ಮೋಸಹೋಗುತ್ತೇವೆ ಎಂಬ ಪ್ರಶ್ನೆಗಳು ಮುಂದೆ ಬಂದವು. ನಮ್ಮ ಸೀಮೆಗೆ ಅದನ್ನು ಹೊಂದಿಸಿಕೊಂಡರೆ ಕಲಿಯಬೇಕಾದ್ದು ಬಹಳವೇನಿಲ್ಲ.

ದೇವದುರ್ಗದ ಕಲ್ಲುಗುಡ್ಡ, ಒಣ ಮಸಾರಿ ನೆಲದಲ್ಲಿ ಎಚ್ಚರಿರಬೇಕಾದ್ದು ಉರಿಮಂಡಲದ ಬಗ್ಗೆ, ಗರಗಸಮಂಡಲವೆಂದೂ ಕರೆಯುತ್ತಾರೆ. ಮೊಳದುದ್ದದ, ಮಣ್ಣುಬಣ್ಣದ ಸಣ್ಣ ಹಾವು. ತಲೆಯ ಮೇಲೆ ಹಕ್ಕಿಯ ಹೆಜ್ಜೆಯಂಥ ಬಿಳಿ ಗುರುತು, ಪಕ್ಕೆಯಲ್ಲಿ ಅಲೆಯಂಥ ಗೆರೆ. ಬೆದರಿದರೆ ಸುರುಳಿಯಾಗಿ ಮೈಗೆ ಮೈ ಉಜ್ಜಿ, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂತೆ ಸದ್ದು ಮಾಡುತ್ತದೆ. ಬೆಕ್ಕುಹಾವು ಬಣ್ಣದಲ್ಲಿ ಇದನ್ನೇ ಹೋಲುತ್ತದೆ, ಆದರೆ ಅದು ತೆಳ್ಳಗೆ, ಉದ್ದ, ಗಿಡ ಏರುತ್ತದೆ. ಮನುಷ್ಯರ ಜೀವಕ್ಕೆ ಅಪಾಯವಿಲ್ಲ.

ಕಾಲುವೆಯ ಮಾತು ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಗದ್ದೆಗಳಾದವು. ಭತ್ತ ಬಂದಲ್ಲಿ ಇಲಿ ಬಂತು, ಕಪ್ಪೆ ಬಂತು. ಅವುಗಳ ಹಿಂದೆ ನಾಗರ, ಕೇರೆ, ಕೊಳಕುಮಂಡಲ, ನೀರುಹಾವು. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆ, ಅಗಲ ತ್ರಿಕೋನದ ತಲೆ, ದಪ್ಪ ಮೈ. ಕುಕ್ಕರಿನ ಉಗಿ ಬಿಟ್ಟ ಹಾಗೆ ಬುಸುಗುಡುತ್ತದೆ. ಇದನ್ನು ಹೆಬ್ಬಾವಿನ ಮರಿ ಎಂದುಕೊಂಡು ಹುಡುಗರು ಕೈಹಾಕುವುದುಂಟು. ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ. ಅತ್ತ ಮೊಂಡು ಬಾಲದ ಮಣ್ಣುಮುಕ್ಕನನ್ನು ಎರಡು ತಲೆಯ ಹಾವು, ಮನೆಗೆ ಹಣ ತರುತ್ತದೆ ಎಂಬ ನಂಬಿಕೆಯಿಂದ ಹಿಡಿದು ಕದ್ದು ಮಾರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಮನೆಯೊಳಗೆ ತಿಳಿದಿರಬೇಕಾದ್ದು ಕಟ್ಟುಹಾವು. ಮಿರಿಮಿರಿ ಕಪ್ಪು ಮೈ, ಅಡ್ಡಕ್ಕೆ ತೆಳು ಬಿಳಿ ಪಟ್ಟೆ. ಸಾಮಾನ್ಯವಾಗಿ ಪಟ್ಟೆ ಕತ್ತಿನ ಬಳಿ ಇರುವುದಿಲ್ಲ, ಸ್ವಲ್ಪ ಹಿಂದಿನಿಂದ ಶುರುವಾಗಿ ಬಾಲದ ಕಡೆ ಸ್ಪಷ್ಟವಾಗುತ್ತದೆ. ಗೋಡೆ ಏರುವ ವಿಷವಿಲ್ಲದ ತೋಳಹಾವಿಗೆ ಇದರ ತಿರುವು: ಪಟ್ಟೆ ಕತ್ತಿನ ಬಳಿ ದಟ್ಟ, ಬಾಲಕ್ಕೆ ಹೋದಂತೆ ಮಾಸುತ್ತದೆ. ಆದರೆ ಮರಿಗಳಲ್ಲಿ ಈ ಲೆಕ್ಕ ಕೆಡುತ್ತದೆ, ಹಾಗಾಗಿ ಪಟ್ಟೆಯ ಹಾವು ಯಾವುದೇ ಇರಲಿ ಕೈಯಲ್ಲಿ ಹಿಡಿದು ಪರೀಕ್ಷಿಸಬಾರದು. ಕಟ್ಟುಹಾವಿನ ಕಡಿತ ಸೊಳ್ಳೆ ಕಡಿದಷ್ಟೂ ನೋಯದಿರಬಹುದು, ಗುರುತೂ ಕಾಣದಿರಬಹುದು. ಬೆಳಗ್ಗೆ ಹೊಟ್ಟೆನೋವು, ವಾಂತಿ, ಜೋಲುವ ರೆಪ್ಪೆ. ‘ರಾತ್ರಿ ಉಂಡಿದ್ದು ಆಗಿಲ್ಲ’ ಎಂದು ಮನೆಮದ್ದು ಮಾಡುತ್ತ ಕೂತರೆ ಮಧ್ಯಾಹ್ನಕ್ಕೆ ಉಸಿರು ನಿಲ್ಲುತ್ತದೆ. ನಮ್ಮ ಬೇಸಿಗೆಯಲ್ಲಿ ಅಂಗಳದಲ್ಲಿ, ನೆಲದ ಮೇಲೆ ಮಲಗುವುದು ಬಡತನವೂ ಹೌದು, ಸೆಕೆಯ ಉಪಾಯವೂ ಹೌದು. ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ, ಕಾಲಡಿಯ ದಾರಿಗೆ ಒಂದು ಬ್ಯಾಟರಿ ದೀಪ: ಈ ಹಾವಿನ ಮಟ್ಟಿಗೆ ಇವು ಬಹಳ ಕೆಲಸದ ವಸ್ತುಗಳು.

ಈಚಿನ ವರ್ಷಗಳಲ್ಲಿ ಈ ಕಥೆಗೆ ಮೂರು ಅಧ್ಯಾಯಗಳು ಸೇರಿವೆ. ಮೊದಲನೆಯದು ಲೆಕ್ಕದ್ದು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವಿನ ಕಡಿತವನ್ನು ಅಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆ ಎಂದು ಅಂದಾಜಿಸಿತು. ಹೆಚ್ಚಿನವರು ಹಳ್ಳಿಗಳಲ್ಲಿ, ಆಸ್ಪತ್ರೆ ಮುಟ್ಟದೆ, ಮನೆಯಲ್ಲೇ ಸತ್ತವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಫೇರರ್‌ನ ಪಟ್ಟಿಯಲ್ಲಿ ಇಲ್ಲದ ರಾಯಚೂರಿನ ಸಾವುಗಳು ಇನ್ನು ಮುಂದಾದರೂ ಒಂದು ರಿಜಿಸ್ಟರಿನಲ್ಲಿ ಬೀಳಬೇಕು.

ಎರಡನೆಯದು ವಿಷದ್ದು. ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಹಾವು ಹಿಡಿಯುವ ವಿದ್ಯೆಯಿದ್ದ ಸಮುದಾಯ 1978ರಲ್ಲಿ ಕಟ್ಟಿಕೊಂಡ ಸಂಘ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿರುವಂತೆ, ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬದಲಾಗುತ್ತದೆ, ಒಂದು ಕಡೆಯ ಮದ್ದು ಇನ್ನೊಂದು ಕಡೆ ಅಷ್ಟೇ ಚೆನ್ನಾಗಿ ಹಿಡಿಯದಿರಬಹುದು. ಅಂದರೆ ಜಾತಿ ಗುರುತಿಸಿದರೆ ಮುಗಿಯಲಿಲ್ಲ, ಯಾವ ಸೀಮೆಯದು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೂರನೆಯದು ಹೆಸರಿನದು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಳಿಂಗ ಸರ್ಪ ಬೇರೆಯದೇ ಜಾತಿ ಎಂದು ತೋರಿಸಿ ಅದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ಕಾಳಿಂಗ ನಮ್ಮ ಸೀಮೆಯ ಹಾವಲ್ಲ, ಮಲೆನಾಡಿನದು. ಆದರೂ ಆ ಸುದ್ದಿ ಓದಿದಾಗ ನನಗೆ ರಸೆಲ್‌ನ ಬಂಗಾರು ಪಾಮು ನೆನಪಾಯಿತು. ಅಂದು ತೆಲುಗಿನ ಮಾತು ವೇಷ ಮರೆಸಿಕೊಂಡು ಲ್ಯಾಟಿನ್ ಒಳಗೆ ಹೋಗಿತ್ತು. ಇಂದು ಕನ್ನಡದ ಮಾತು ತನ್ನ ರೂಪದಲ್ಲೇ ಹೋಗಿದೆ, ಕನ್ನಡಿಗನೇ ಒಯ್ದಿದ್ದಾನೆ.

ಈಗ ಉಳಿದಿರುವುದು ಆ ವಿದ್ಯೆ ಮರಳಿ ಹೊಲಕ್ಕೆ ಬರುವ ಕೆಲಸ. ನಾಗರ ಪಂಚಮಿಯ ಹೊತ್ತಿಗೆ ಮಳೆಗಾಲ ನಡುಮಧ್ಯಕ್ಕೆ ಬಂದಿರುತ್ತದೆ. ಹಾವು ಕಡಿತದ ಸಾವುಗಳಲ್ಲಿ ಅರ್ಧದಷ್ಟು ಆಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇದೇ ತಿಂಗಳುಗಳಲ್ಲಿ. ಶಾಲೆಗಳಲ್ಲಿ ಆ ವಾರ ನಾಲ್ಕು ಹಾವು ಮತ್ತು ಅವುಗಳನ್ನು ಹೋಲುವ ನಾಲ್ಕು ಹಾವುಗಳ ಚಿತ್ರ ಗೋಡೆಗೆ ಅಂಟಿಸಿ, ಕೆಳಗೆ ಕನ್ನಡದ ಹೆಸರನ್ನೂ ಗಡಿಯೂರುಗಳಲ್ಲಿ ತೆಲುಗಿನ ಹೆಸರನ್ನೂ ಬರೆದರೆ ಸಾಕು. ಇನ್ನೊಂದು ಸಾಲು ಸೇರಿಸಬೇಕು: ಮುಟ್ಟಿದ ಮೇಲೆ ಹಾವು ಹುಡುಕಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲ್ಲಾಡದಂತೆ ಇಟ್ಟು ಕೂಡಲೇ ಆಸ್ಪತ್ರೆಗೆ ಹೊರಡಿ. ನಮ್ಮ ಅಜ್ಜಿಯಂಥವರು ರಾತ್ರಿ ಹುಳ ಎಂದೇ ಅನ್ನಲಿ, ಅದರಲ್ಲಿ ಕೇಡಿಲ್ಲ. ಹಗಲು ಮಾತ್ರ ಮಕ್ಕಳಿಗೆ ಒಂದೊಂದರ ಹೆಸರೂ ಬೇರೆ ಬೇರೆಯಾಗಿ ಗೊತ್ತಿರಲಿ.